ಗಾಜಿನ ಮೇಲಿನ ಗಂಧಕ

ಭಾನುವಾರ, ಹದಿನಾಲ್ಕನೆಯ ತಾರೀಖು, ಬೆಳಗ್ಗೆ

ಪ್ರಿಯ ತಕ್ಕಡಿ,

ತೂಕದಲ್ಲಿ ಎಂದೂ ತಪ್ಪದ ನಿನ್ನನ್ನು ಪ್ರಯೋಗಾಲಯದಲ್ಲಿ ಎಲ್ಲರೂ ಕರೆಯುತ್ತಿದ್ದ ಹೆಸರಿನಿಂದಲೇ ಕರೆಯುತ್ತಿದ್ದೇನೆ. ಗಂಡನಾಗಿ ಕರೆಯುತ್ತಿದ್ದ ಹೆಸರು ಕೈಯಲ್ಲಿ ಮೂಡುತ್ತಿಲ್ಲ.

ಈ ವಾರ ಪ್ರಯೋಗಾಲಯದ ನಮ್ಮ ಹಳೆಯ ನಿರ್ವಾತ ಓವನ್ ಕಳಚಿದರು. ಮೆಕ್ಯಾನಿಕ್ ಬಾಗಿಲಿನ ರಬ್ಬರು ಕಿತ್ತು, “ಇದೇನ್ ಸಾರ್, ಇಷ್ಟೊಂದು ಹಳದಿ ಪುಡಿ?” ಎಂದ. “ಹಳೇ ಧೂಳು, ಒರೆಸಿಬಿಡಿ” ಎಂದೆ. ಎರಡು ವರ್ಷದ ಮೇಲೂ ಸುಳ್ಳು ಎಷ್ಟು ಸಲೀಸಾಗಿ ಬಂತು ನೋಡು.

ಅದು ಗಂಧಕ. ಬ್ಯಾಟರಿಯೊಳಗೆ ಅದು ಕರಗಿ ಓಡಿಹೋಗದಂತೆ ಇಂಗಾಲದ ಸೂಕ್ಷ್ಮ ರಂಧ್ರಗಳಲ್ಲಿ ಕೂಡಿಹಾಕಲು ನಾವಿಬ್ಬರೂ ಆರು ವರ್ಷ ಹೆಣಗಿದೆವು. ಒಂದೇ ಮಧ್ಯಾಹ್ನದಲ್ಲಿ ಅದನ್ನು ಓಡಿಸಿದವನು ನಾನು.

ಅಂದು ನಿನಗೆ ಹಲ್ಲುನೋವು. ಬ್ಯಾಟರಿಗೆಂದು ಗಂಧಕ ತುಂಬಿದ ಕ್ಯಾಥೋಡಿನ ಬಿಲ್ಲೆಗಳನ್ನು ಒಂದೊಂದಾಗಿ ತೂಗಿ, ಬರೆದು, ಓವನ್‌ನಲ್ಲಿಟ್ಟು, “ಅರವತ್ತು ಡಿಗ್ರಿ. ನಾಳೆವರೆಗೂ ಮುಟ್ಬೇಡ. ಒಣಗಿದ್ಮೇಲೆ ತೂಗೋದೂ ನನ್ ಕೆಲ್ಸಾನೇ” ಎಂದು ಹೇಳಿ ನೀನು ಹೋದೆ. ನನಗೆ ಅವಸರ. ನೂರಿಪ್ಪತ್ತಕ್ಕೆ ತಿರುಗಿಸಿದೆ. ನಿರ್ವಾತದಲ್ಲಿ ಆ ಬಿಸಿಗೆ ಗಂಧಕ ಆವಿಯಾಗುತ್ತದೆಂದು ವಿದ್ಯಾರ್ಥಿಗಳಿಗೆ ಪಾಠ ಹೇಳುವವನೂ ನಾನೇ. ಸಂಜೆ ನೋಡಿದರೆ ಬಾಗಿಲಿನ ಗಾಜೆಲ್ಲ ಹಳದಿ. ಕರವಸ್ತ್ರದಿಂದ ಒರೆಸಿದೆ. ಬಿಲ್ಲೆಗಳನ್ನು ತೂಗಲಿಲ್ಲ; ತೂಗಿದರೆ ಗೊತ್ತಾಗಿಬಿಡುತ್ತಿತ್ತು. ಹಿಂದಿನ ಸಲದ ಅಂಕಿಗಳನ್ನೇ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ನಿನ್ನ ಪುಟದಲ್ಲಿ ತುಂಬಿದೆ. ಮರುದಿನ, ತೂಗಿಯಾಯ್ತು ಎಂದೆ. ಊದಿದ ಕೆನ್ನೆ ಹಿಡಿದುಕೊಂಡೇ ನೀನು ಸಹಿ ಹಾಕಿದೆ.

ಆ ಬಿಲ್ಲೆಗಳಿಂದ ಮಾಡಿದ ಬ್ಯಾಟರಿಗಳು ಅರ್ಧ ಶಕ್ತಿಯನ್ನೂ ಕೊಡಲಿಲ್ಲ. ಸಭೆಯಲ್ಲಿ ನಿರ್ದೇಶಕರು, “ತಕ್ಕಡಿನೇ ಕೈ ಕೊಟ್ರೆ ಇನ್ನೇನಪ್ಪ ಗತಿ!” ಎಂದರು. ಎಲ್ಲರೂ ನಕ್ಕರು. ನೀನು ನನ್ನ ಕಡೆ ನೋಡಿ, “ಸಹಿ ನಂದು” ಎಂದಷ್ಟೇ ಹೇಳಿದೆ. ನಾನು ನಗುತ್ತಿದ್ದೆ. ಅದನ್ನೂ ನೀನು ನೋಡಿದೆ.

ಆ ತಿಂಗಳೇ ನೀನು ಕೆಲಸ ಬಿಟ್ಟೆ. ನಾಲ್ಕು ತಿಂಗಳ ಮೇಲೆ ಮನೆಯನ್ನೂ. ಕಾರಣ ಕೇಳುವ ಧೈರ್ಯ ನನಗಿರಲಿಲ್ಲ, ಹೇಳುವ ಅಗತ್ಯ ನಿನಗಿರಲಿಲ್ಲ.

ವರದಿಯಲ್ಲಿ ಇಂದಿಗೂ ‘ತೂಗಿದವರ ಅಜಾಗರೂಕತೆ’ ಎಂದೇ ಇದೆ. ಆ ಒಂದು ಸಾಲಿನಿಂದ ಬೇರೆ ಯಾವ ಪ್ರಯೋಗಾಲಯವೂ ನಿನ್ನನ್ನು ಒಳಗೆ ಬಿಡುತ್ತಿಲ್ಲವೆಂದು ನಿನ್ನ ತಮ್ಮ ಹೇಳಿದ. ಅವನು ನನ್ನನ್ನು ಬೈಯಲಿಲ್ಲ. ನೀನು ಅವನಿಗೂ ಹೇಳಿಲ್ಲವೆಂದು ತಿಳಿಯಿತು.

ಇಂತಿ,
ನಿನ್ನ ಪುಟದಲ್ಲಿ ಬರೆದವನು

ಮರೆತ ಮಾತು: ನಿರ್ದೇಶಕರಿಗೆ ಎಲ್ಲವನ್ನೂ ಒಪ್ಪಿಕೊಂಡು ಬರೆದ ಪತ್ರ ಈ ಲಕೋಟೆಯೊಳಗೇ ಇದೆ. ನಾಲ್ಕು ದಿನ ನನ್ನ ಮೇಜಿನ ಮೇಲಿತ್ತು. ಅವರ ಕೋಣೆ ಅಲ್ಲಿಂದ ಹನ್ನೊಂದು ಹೆಜ್ಜೆ. ನೀನೇ ಅಂಚೆಗೆ ಹಾಕಿಬಿಡು. ಅಂಚೆಚೀಟಿ ಹಚ್ಚಿದ್ದೇನೆ.