ಮೊನ್ನೆ ಎಂದರೆ ಯಾವತ್ತು

ಸಂತೆ ಶಕೆ ಇನ್ನೂರ ಹನ್ನೆರಡು,
ಆಷಾಢದ ನಲವತ್ತೊಂದನೆಯ ದಿನ.

ನಾನು ಕಾಣದ ಹಿರಿಯರಿಗೆ,

ಮೇಲಿನ ತಾರೀಖು ನೋಡಿ ನಕ್ಕಿರಬಹುದು. ಆಷಾಢಕ್ಕೆ ನಲವತ್ತೊಂದು ದಿನ ಎಲ್ಲಿಂದ ಬಂತು ಎಂದು ಕೇಳಬೇಡಿ. ನಮ್ಮಲ್ಲಿ ಮಳೆ ಬೀಳುವ ತನಕ ಆಷಾಢ ಮುಗಿಯುವುದಿಲ್ಲ; ಒಂದು ವರ್ಷ ಅದು ದೀಪಾವಳಿಯನ್ನೂ ದಾಟಿತ್ತಂತೆ. ನನ್ನ ಕನ್ನಡವೂ ನಿಮ್ಮ ಕಿವಿಗೆ ಹೀಗೆಯೇ ಹೆಚ್ಚುಕಡಿಮೆಯಾಗಿ ಕೇಳಿಸಿದರೆ ಮನ್ನಿಸಬೇಕು. ನೀವು ಬಿಟ್ಟುಹೋದ ಒಂದು ಮಾತಿನ ಅರ್ಥ ತಿಳಿಯದೆ ತಲೆ ಕೆಟ್ಟು ಈ ಕಾಗದ ಬರೆಯುತ್ತಿದ್ದೇನೆ.

ನನ್ನ ಹೆಸರು ಕಂಚವ್ವ. ಕುರಿ ಸಂತೆಯಲ್ಲಿ ಕೇಳುಗಿಯಾಗಿದ್ದೇನೆ. ನಮ್ಮಲ್ಲಿ ಕುರಿಯನ್ನಾಗಲಿ ಮೇಕೆಯನ್ನಾಗಲಿ ಮಾರುವವರು ಅದರ ಬೆನ್ನ ಮೇಲೆ ಕೈಯಿಟ್ಟು, ಎಲ್ಲಿ ಮೇಯಿಸಿದೆ, ಯಾವ ರೋಗ ಬಂದಿತ್ತು, ಯಾವ ಔಷಧ ಯಾವಾಗ ಕೊಟ್ಟೆ ಎಂದು ಬಾಯಿಬಿಟ್ಟು ಹೇಳಬೇಕು. ಇದಕ್ಕೆ ಬೆನ್ನುಮಾತು ಎನ್ನುತ್ತೇವೆ. ಆ ದನಿ ಪ್ರಾಣಿಯ ಕಿವಿಯಲ್ಲಿರುವ ಮಣಿಯೊಳಗೆ ಸೇರುತ್ತದೆ. ಮಾಂಸ ಯಾವ ಊರಿಗೆ ಹೋದರೂ ಮಣಿ ಅದರ ಜೊತೆಗೇ ಹೋಗುತ್ತದೆ. ಅಡುಗೆಮನೆಯಲ್ಲಿ ಅದನ್ನು ಪಾತ್ರೆಯ ಹಿಡಿಗೆ ಕಟ್ಟುತ್ತಾರೆ. ಎಸರು ಬಡಿಸುವ ಮೊದಲು ಮಣಿ ಒತ್ತಿ, ಮಾರಿದವರ ಮಾತು ಕೇಳಿ, ಆಮೇಲೆ ತುತ್ತು ಎತ್ತುವುದು ರೂಢಿ. ದನಿ ತಡವರಿಸಿದರೆ ಅತ್ತೆಯಂದಿರು ಹುಬ್ಬು ಹಾರಿಸುತ್ತಾರೆ. ಕೈ ಬದಲಾದರೆ ಮನೆಯವರಿಗೆ ಕೊಟ್ಟದ್ದೂ ಮಾರಾಟವೇ, ಅದಕ್ಕೂ ಬೆನ್ನುಮಾತು ಬೇಕು. ಸಂತೆಯ ಬಾಗಿಲು ತಾನೇ ಕೇಳಿಸಿಕೊಂಡು ಹಸಿರು ಅಥವಾ ಕೆಂಪು ದೀಪ ಹಚ್ಚುತ್ತದೆ. ಅದು ತಪ್ಪು ತಿಳಿದಿದೆ ಎನಿಸಿದರೆ ಕೆಂಪನ್ನು ಹಸಿರು ಮಾಡುವ ಅಧಿಕಾರ ಕೇಳುಗಿಗೆ ಇದೆ. ಬಾಗಿಲಿನ ನೆತ್ತಿಯ ಮೇಲೆ, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಕೆತ್ತಿದ್ದಾರೆ.

ನನ್ನ ತಂಗಿ ಸಿದ್ದವ್ವ ತುಂಬಿದ ಬಸುರಿ. ಹಿಂದಿನ ಬಸಿರು ನಿಲ್ಲಲಿಲ್ಲ, ಹಾಗಾಗಿ ಈ ಸಲ ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೇವೆ. ಅವಳ ಸೀಮಂತದ, ನಮ್ಮ ಮಾತಿನಲ್ಲಿ ಕುಬುಸದ, ಊಟಕ್ಕೆ ನಮ್ಮ ಆಯಿ, ಅಂದರೆ ತಾಯಿಯ ತಾಯಿ ಲಗಮವ್ವ, ತಾನೇ ಸಾಕಿದ ಟಗರು ಕೊಡುತ್ತೇನೆಂದು ನಿನ್ನೆ ಸಂತೆಗೆ ಹೊಡೆದುಕೊಂಡು ಬಂದಳು. ತಂಗಿಯ ಬಯಕೆಯೂ ಅದೇ ಆಗಿತ್ತು. ಆಯಿ ಟಗರಿನ ಬೆನ್ನ ಮೇಲೆ ಕೈಯಿಟ್ಟಳು. ಅವಳ ದನಿ ಎಂದೂ ತಡವರಿಸಿದ್ದಲ್ಲ.

“ನಮ್ಮ ಗುಡ್ಡದಾಗ ಮೇಯಿಸೀನಿ. ಮೊನ್ನಿ ಜಂತಿನ ಔಷಧಾ ಕುಡಿಸೀನಿ. ಬ್ಯಾರೆ ಏನೂ ಹಾಕಿಲ್ಲ.”

ಬಾಗಿಲು ಕೆಂಪಾಯಿತು. ಜಂತಿನ ಔಷಧ ಕುಡಿಸಿದ ಮೇಲೆ ಒಂದು ತಿಂಗಳು ಆ ಪ್ರಾಣಿಯನ್ನು ತಿನ್ನುವಂತಿಲ್ಲ, ಬಸುರಿಗಂತೂ ಅದು ಕೂಡದು. ಬಾಗಿಲಿಗೆ ಮೊನ್ನೆ ಎಂದರೆ ನಿನ್ನೆಯ ಹಿಂದಿನ ದಿನ. ನಾನು ಆಯಿಯ ಮೊಮ್ಮಗಳು. ಅವಳ ಬಾಯಲ್ಲಿ ಮೊನ್ನೆ ಎಷ್ಟು ಹಿಗ್ಗುತ್ತದೆಂದು ನನಗೆ ಗೊತ್ತು. ಎಷ್ಟು ಎಂದು ಮಾತ್ರ ಗೊತ್ತಿಲ್ಲ. ಯಾವತ್ತು ಕುಡಿಸಿದೆ ಎಂದು ಕೇಳಿದೆ.

“ಮೊನ್ನಿ ಅಂದ್ರ ಮೊನ್ನಿ. ಅದರಾಗ ಕೇಳೂದೇನೈತಿ?”

ಉಣ್ಣೆ ಕತ್ತರಿಸುವ ಮೊದಲೋ, ಆಮೇಲೋ ಎಂದು ಕೇಳಿದೆ. ಅದೂ ಮೊನ್ನಿನ ಅಂದಳು. ಹಿಂದೆ ನಿಂತವರು ಗೊಣಗತೊಡಗಿದರು. ಅಳತೆಗೆ ಒಂದು ಗುರುತಾದರೂ ಸಿಗಲಿ ಎಂದು, ಬುದ್ಧಿಯಿಲ್ಲದೆ, ಅವಳ ಗಂಡ, ನಮ್ಮ ಮುತ್ಯಾ, ತೀರಿಹೋಗಿದ್ದು ಯಾವಾಗ ಎಂದು ಕೇಳಿಬಿಟ್ಟೆ. ಆಯಿ ನನ್ನ ಮುಖವನ್ನೇ ನೋಡಿದಳು.

“ಅಂವಾ ಹೋಗಿದ್ದೂ ಮೊನ್ನಿನ ಅಲ್ಲೇನಬೆ.”

ಮುತ್ಯಾ ಹೋದಾಗ ನನಗೆ ಹಾಲುಹಲ್ಲು ಬಿದ್ದಿರಲಿಲ್ಲ. ಈಗ ನನ್ನ ತಲೆಯಲ್ಲಿ ಬಿಳಿಕೂದಲಿದೆ. ಹಸಿರು ಮಾಡುವ ಗುಂಡಿಯ ಮೇಲಿದ್ದ ನನ್ನ ಕೈ ತಾನಾಗಿ ಸರಿಯಿತು. ಟಗರನ್ನು ತಡೆದೆ.

“ನನ್ನ ಮಾತು ನಿನಗ ಸಾಲಲಿಲ್ಲ?” ಅಂದಳು ಆಯಿ. ಟಗರಿನ ಹಗ್ಗ ಹಿಡಿದು ಬಂದ ದಾರಿಯಲ್ಲೇ ಹೋದಳು. ಕುಬುಸಕ್ಕೆ ಬರುವುದಿಲ್ಲವೆಂದು ಸಂಜೆಗೆ ಹೇಳಿಕಳಿಸಿದ್ದಾಳೆ. ತಂಗಿ ಅಳುತ್ತಿದ್ದಾಳೆ, ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಒಂದು ಗಳಿಗೆ ನಾನು ಮಾಡಿದ್ದು ಸರಿ ಎನಿಸುತ್ತದೆ. ಮರುಗಳಿಗೆ, ಸುಳ್ಳಾಡದ ಮುದುಕಿಯನ್ನು ಸಂತೆಯ ನಡುವೆ ಸುಳ್ಳುಗಾತಿ ಮಾಡಿದೆ ಎನಿಸುತ್ತದೆ. ಅವಳು ಹೇಳಿದ್ದು ನಿಜ, ಬಾಗಿಲು ಕೇಳಿದ್ದೂ ಅದನ್ನೇ. ಹಾಗಾದರೆ ತಪ್ಪು ಎಲ್ಲಿದೆ?

ಪ್ರಾಣಿಯ ಕಿವಿಗೆ ಮೊದಲು ಗುರುತು ಚುಚ್ಚಿದವರು ನೀವು. ಔಷಧ ಯಾವಾಗ ಕೊಟ್ಟಿರಿ ಎಂದು ಮೊದಲು ಕೇಳಿಸಿಕೊಂಡವರೂ ನೀವೇ. ನೀವೂ ಮೊನ್ನೆ ಎಂದೇ ಹೇಳಿದಿರಾ? ಕೇಳಿದವರು ತಲೆಯಾಡಿಸಿ ಸುಮ್ಮನಾದರಾ? ಕಳೆದ ವಾರಕ್ಕೂ, ಮರೆಯಲಾಗದ ಸಾವಿಗೂ ಒಂದೇ ಮಾತು ಸಾಕೆಂದು ನಿಮಗೆ ಯಾಕೆ ಅನಿಸಿತೋ ನನಗೆ ತಿಳಿಯುತ್ತಿಲ್ಲ. ನನ್ನದೊಂದು ಬೇಡಿಕೆ: ಔಷಧ ಕುಡಿಸಿದ ದಿನವೇ ಯಾರಿಗಾದರೂ ಹೇಳಿ. ಪಕ್ಕದ ಮನೆಯವರಿಗಾದರೂ ಸರಿ. ಇಂದು ಎನ್ನುವಾಗಲೇ ಹೇಳಿಬಿಡಿ, ಅದು ಮೊನ್ನೆಯಾಗಲು ಬಿಡಬೇಡಿ.

ಈ ಕಾಗದ ನಿಮಗೆ ಮುಟ್ಟುತ್ತದೆ ಎನ್ನುವ ಧೈರ್ಯವೂ ನನಗಿಲ್ಲ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಡಬ್ಬಿ. ಬರೆಯಲು ಕೂರುವ ಮೊದಲೇ ಅದು, ಯಾವ ಕಾಲದವರಿಗೆ ಎಂದು ಕೇಳಿತ್ತು. ಇನ್ನೂರು ವರ್ಷದ ಹಿಂದಿನವರಿಗೆ ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು ಮೊನ್ನೆಯವರಿಗೆ ಎಂದು. ಡಬ್ಬಿ ಎರಡು ದಿನ ಹಿಂದಕ್ಕೆ ಎಂದು ಬರೆದುಕೊಂಡು ಬೀಗ ಹಾಕಿಕೊಂಡಿತು. ಎಷ್ಟು ಬೇಡಿಕೊಂಡರೂ ತಿದ್ದಲಿಲ್ಲ.

ಆದ್ದರಿಂದ ಇದು ನಮ್ಮ ಓಣಿಯಲ್ಲೇ ಯಾರಿಗಾದರೂ ಸಿಕ್ಕೀತು, ಆಯಿ ಇನ್ನೂ ಟಗರು ಹೊಡೆದುಕೊಂಡು ಹೊರಡದ ಹೊತ್ತಿಗೆ. ಸಿಕ್ಕವರು ದಯವಿಟ್ಟು ಅವಳ ಹತ್ತಿರ ಹೋಗಿ ಕೂತುಕೊಳ್ಳಿ. ಔಷಧದ ಮಾತು ಆಮೇಲೆ. ಮೊದಲು ಮುತ್ಯಾನ ಬಗ್ಗೆ ಕೇಳಿ, ಅವಳು ಹೇಳಿ ಮುಗಿಸುವ ತನಕ ಏಳಬೇಡಿ. ನನಗೇ ಸಿಕ್ಕಿದ್ದರೆ ನಾನೇ ಹೋಗುತ್ತಿದ್ದೆ.

ಆದರೆ ಮೊನ್ನೆ ನನಗೆ ಯಾವ ಕಾಗದವೂ ಬರಲಿಲ್ಲ.

ನಿಮ್ಮ ಮೊಮ್ಮಕ್ಕಳ ಮೊಮ್ಮಗಳು,
ಕಂಚವ್ವ