ಗಿಳಿಹಸಿರು ರವಿಕೆ

ಅರಕಲಗೂಡಿನ ಸ್ಟುಡಿಯೋ ದೇವರಾಜಣ್ಣನವರಿಗೆ,

ಕೊಣನೂರಿನ ಟೈಲರ್ ಭಾನುಪ್ರಿಯಾಳ ನಮಸ್ಕಾರ.

ನಿನ್ನೆ ಫೋನಿನಲ್ಲಿ ನೀವು, "ನಿಮ್ಮವ್ವಂದು ಮೊಬೈಲ್ ಫೋಟೋ ಕಣಮ್ಮ, ಮಂಕಾಗೈತೆ. ಕಾಂಟ್ರಾಸ್ಟೇ ಇಲ್ಲ, ಕಂಪ್ಯೂಟರ್‌ನಲ್ಲಿ ಜಾಸ್ತಿ ಮಾಡ್ತೀನಿ" ಅಂದಿರಿ. ನಾನೂ ಹೂಂ ಅಂದೆ. ಆಮೇಲೆ ತಲೆ ಕೆಟ್ಟುಹೋಯಿತು. ಕೆಂಪು ಸೀರೆಗೆ ಗಿಳಿಹಸಿರು ರವಿಕೆ, ನಾನೇ ಹೊಲಿದದ್ದು. ಇದಕ್ಕಿಂತ ಕಾಂಟ್ರಾಸ್ಟ್ ಇನ್ನೇನು ಬೇಕಣ್ಣ? ರವಿಕೆಯ ಬಣ್ಣ ಬದಲಾಯಿಸುತ್ತೀರಾ?

ದಯವಿಟ್ಟು ಬೇಡ. ಜೀವಮಾನವೆಲ್ಲ ಅವ್ವ ಸೀರೆಗೆ ಮ್ಯಾಚಿಂಗ್ ರವಿಕೆಯನ್ನೇ ತೊಟ್ಟವಳು. ಹೋದ ಯುಗಾದಿಗೆ ಮಾತ್ರ ಹಸಿರು ಕೇಳಿದಳು. ಈ ವಯಸ್ಸಿಗೆ ಯಾಕವ್ವ ಎಂದು ರೇಗಿದೆ. "ಸುಮ್ನೆ ಒಲ್ಕೊಡವ್ವ, ಒಂದ್ಸಲನಾರ ಎದ್ದು ಕಾಣ್ಬೇಕು" ಅಂದಳು.

ಹೊಲಿದು ಉಳಿದ ಹಸಿರು ತುಂಡನ್ನು ಈ ಪತ್ರದ ಜೊತೆ ಬಸ್ಸಿನಲ್ಲಿ ಕಳಿಸಿದ್ದೇನೆ. ಕಂಪ್ಯೂಟರಿನಲ್ಲಿ ನೀವು ಏನು ಮಾಡುತ್ತೀರೋ ನನಗೆ ತಿಳಿಯದು. ಮಾಡಿದ ಮೇಲೆ ಫೋಟೋವನ್ನು ಇದರ ಪಕ್ಕ ಹಿಡಿದು ನೋಡಿ, ಬಣ್ಣ ಇದೇ ಇರಲಿ. ತುಂಡನ್ನು ಮರೆಯದೆ ವಾಪಸ್ ಕೊಡಿ.

ಗುರುವಾರ ಹನ್ನೊಂದನೇ ದಿನದ ಕಾರ್ಯ. ಅವತ್ತು ಅವ್ವ ಎದ್ದು ಕಾಣಬೇಕು.

ಇಂತಿ,
ಮಾಯಮ್ಮನ ಮಗಳು
ಭಾನುಪ್ರಿಯಾ