ಸರದಿಯ ಮೊದಲ ಕಲ್ಲು

ಮಂಕೆಸ್ಸಿಮ್, ಘಾನಾ

ವಿದೇಶಿ ಪತ್ರಿಕೆಯ ವರದಿಗಾರನಿಗೆ, ಹೊಗೆಮೀನು ಮಾರುವ ಅರಾಬಾ ಅಜ್ಜಿಯ ಆಶೀರ್ವಾದ.

ನಮ್ಮ ಮತಗಟ್ಟೆಯ ಮುಂದಿದ್ದ ಕಲ್ಲುಗಳ ಚಿತ್ರ ಹಾಕಿ ‘ಗಲಭೆಗೆ ಸಿದ್ಧತೆ’ ಎಂದು ಬರೆದಿದ್ದೀಯಂತೆ. ಮೊಮ್ಮಗಳು ಓದಿ ಹೇಳಿದಳು. ಅಯ್ಯಾ, ಅವು ಎಸೆಯುವ ಕಲ್ಲುಗಳಲ್ಲ. ಸರದಿ ಹಿಡಿಯಲು ನಾವು ಹಿಂದಿನ ಸಂಜೆಯೇ ಆಳಿಗೊಂದರಂತೆ ಇಟ್ಟು ಬಂದ ಕಲ್ಲುಗಳು. ಮೊದಲನೆಯದು ನನ್ನದು, ಮೆಣಸಿನಕಾಯಿ ಅರೆಯುವ ಗುಂಡುಕಲ್ಲು. ಬೆಳಿಗ್ಗೆ ಎದುರು ಪಕ್ಷದ ಕ್ವೇಕು ಬಂದವನೇ, “ಏನಜ್ಜಿ, ನಿನ್ ಕಲ್ಲಿಗೂ ನಿನ್ನಷ್ಟೇ ಸೊಕ್ಕು!” ಎಂದ. ಆದರೂ ಅದನ್ನು ಕದಲಿಸದೆ ಅದರ ಹಿಂದೆಯೇ ನಿಂತ. ಗೆದ್ದದ್ದು ಅವನ ಪಕ್ಷ. ನನ್ನ ಕಲ್ಲು ಯಾರ ತಲೆಗೂ ಬೀಳದೆ ಅಡುಗೆಮನೆ ಸೇರಿತು.

ನಮ್ಮೂರಿನ ಮರ್ಯಾದೆಯ ಮಾತು, ತಿದ್ದಿ ಬರೆ. ಚಿತ್ರ ಬೇಕಿದ್ದರೆ ಮತ್ತೆ ಬಾ. ಅದೇ ಕಲ್ಲಿನಲ್ಲಿ ಅರೆದ ಖಾರದೊಂದಿಗೆ ಮೀನು ಬಡಿಸುತ್ತೇನೆ. ಕ್ವೇಕು ದಿನಾ ತಿನ್ನುತ್ತಿದ್ದಾನೆ.

ಇಂತಿ,
ಮೊದಲ ಕಲ್ಲಿನ ಒಡತಿ
ಅರಾಬಾ